ಇಂಟರ್‌ನೆಟ್ ಇಲ್ಲದ ಮನೆಗೂ ತಲುಪುವ ಪಾಠ: ಕೊಲಿಬ್ರಿ ಕಲಿಕಾ ವೇದಿಕೆಯ ವಿಮರ್ಶೆ

ಶಾಲೆಗಳು ದಿಢೀರನೆ ಮುಚ್ಚಿದಾಗ ಪಾಠ ಮುಂದುವರಿಸಲು ನೆರವಾಗುತ್ತೇವೆ ಎನ್ನುವ ಆ್ಯಪ್‌ಗಳಿಗೂ ವೇದಿಕೆಗಳಿಗೂ ಈಗ ಕೊರತೆಯಿಲ್ಲ. ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಕೇಳುವ ಶಿಕ್ಷಕರ ಮುಂದೆ ನಾನು ಎರಡೇ ಪ್ರಶ್ನೆಗಳನ್ನು ಇಡುತ್ತೇನೆ. ಇಂಟರ್‌ನೆಟ್ ಇಲ್ಲದ ಮನೆಯಲ್ಲಿ ಕುಳಿತ ಮಗುವಿಗೆ ಅದು ಪಾಠವನ್ನು ತಲುಪಿಸುತ್ತದೆಯೇ? ಆ ಮಗು ಕೊಟ್ಟ ಉತ್ತರ, ಅದರಲ್ಲೂ ತಪ್ಪು ಉತ್ತರ, ಶಿಕ್ಷಕರ ಕಣ್ಣಿಗೆ ಬೀಳುತ್ತದೆಯೇ? ಮೊದಲನೆಯ ಪ್ರಶ್ನೆಗೆ ಹೌದು ಎನ್ನಬಲ್ಲ ಸಾಧನಗಳು ಕಡಿಮೆ. ಎರಡಕ್ಕೂ ಹೌದು ಎನ್ನಬಲ್ಲವು ಇನ್ನೂ ಕಡಿಮೆ. ಕೊಲಿಬ್ರಿ ಎಂಬ ಉಚಿತ ಕಲಿಕಾ ವೇದಿಕೆ ಮೊದಲನೆಯ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾಗುತ್ತದೆ, ಎರಡನೆಯದರಲ್ಲಿ ಬಹುಪಾಲು ದಾರಿ ಸಾಗುತ್ತದೆ. ಉಳಿದ ದಾರಿಯನ್ನು ಶಿಕ್ಷಕರೇ ಕ್ರಮಿಸಬೇಕು. ಅದು ಎಲ್ಲಿ ನಿಲ್ಲುತ್ತದೆ ಮತ್ತು ಶಿಕ್ಷಕರ ಕೆಲಸ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಸ್ಪಷ್ಟವಾಗಿ ತಿಳಿದುಕೊಂಡರೆ ಮಾತ್ರ ಈ ವೇದಿಕೆಯ ಬೆಲೆ ಗೊತ್ತಾಗುತ್ತದೆ.

ಇಂಟರ್‌ನೆಟ್ ಇಲ್ಲದ ಮಗುವನ್ನೇ ಮೊದಲು ನೆನೆಯಬೇಕಾದುದಕ್ಕೆ ಕಾರಣವಿದೆ. ಕೋವಿಡ್ ಹರಡಿದ 2020ರಲ್ಲಿ 190ಕ್ಕೂ ಹೆಚ್ಚು ದೇಶಗಳ ಶಾಲೆಗಳು ಮುಚ್ಚಿ, ಸುಮಾರು 160 ಕೋಟಿ ವಿದ್ಯಾರ್ಥಿಗಳು ಮನೆಯಲ್ಲಿ ಉಳಿದರು ಎಂಬುದು ಯುನೆಸ್ಕೋದ ಲೆಕ್ಕ. ಅದೇ ವರ್ಷ ಯುನಿಸೆಫ್ ಪ್ರಕಟಿಸಿದ ಅಂದಾಜಿನಂತೆ, ದೂರ ಕಲಿಕೆಯ ಯಾವ ಏರ್ಪಾಡೂ ತಲುಪಲಾಗದ ಮಕ್ಕಳ ಸಂಖ್ಯೆ ಕನಿಷ್ಠ 46.3 ಕೋಟಿ, ಎಂದರೆ ಶಾಲೆಗೆ ಹೋಗುವ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಮನೆಯಲ್ಲಿ ಇಂಟರ್‌ನೆಟ್ ಇಲ್ಲದ, 3ರಿಂದ 17 ವರ್ಷ ವಯಸ್ಸಿನ ಮಕ್ಕಳು 130 ಕೋಟಿ ಇದ್ದಾರೆ ಎಂದು ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಆ ವರ್ಷದ ಕೊನೆಯಲ್ಲಿ ಜಂಟಿಯಾಗಿ ಹೇಳಿದವು. ಇಷ್ಟು ಮಕ್ಕಳನ್ನು ಹೊರಗಿಟ್ಟು ಕಟ್ಟಿದ ವ್ಯವಸ್ಥೆಯನ್ನು ತುರ್ತು ವ್ಯವಸ್ಥೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಪ್ರವಾಹ, ಬಿಸಿಗಾಳಿ, ಸಂಘರ್ಷ, ಸಾಂಕ್ರಾಮಿಕ, ಹೀಗೆ ಶಾಲೆ ಮುಚ್ಚುವ ಕಾರಣ ಯಾವುದೇ ಆಗಿರಲಿ, ಹಲವು ಸಲ ಅದರ ಜೊತೆಗೆ ವಿದ್ಯುತ್ತೂ ನೆಟ್‌ವರ್ಕೂ ಕೈಕೊಡುತ್ತವೆ ಎಂಬುದನ್ನೂ ಮರೆಯಬಾರದು.

ಕೊಲಿಬ್ರಿ ಹುಟ್ಟಿದ್ದು ಈ ಕೊರತೆಯ ಅರಿವಿನಿಂದಲೇ. ಖಾನ್ ಅಕಾಡೆಮಿ ಎಂಬ ಉಚಿತ ಆನ್‌ಲೈನ್ ಪಾಠಗಳ ತಾಣದ ವಿಡಿಯೊ ಮತ್ತು ಅಭ್ಯಾಸಗಳನ್ನು ಇಂಟರ್‌ನೆಟ್ ಇಲ್ಲದ ಕಡೆಯೂ ಬಳಸಲು ಅನುವಾಗುವಂತೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೋ ಕ್ಯಾಂಪಸ್ಸಿನ ಕೆಲವರು 2012ರಲ್ಲಿ ಕೆಎ ಲೈಟ್ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿದರು. ಆ ಕೆಲಸವನ್ನು ಮುಂದುವರಿಸಲು ಲರ್ನಿಂಗ್ ಈಕ್ವಾಲಿಟಿ ಎಂಬ ಲಾಭರಹಿತ ಸಂಸ್ಥೆ ರೂಪುಗೊಂಡಿತು. ಕೆಎ ಲೈಟ್‌ನ ಅನುಭವದ ಮೇಲೆ ಹೊಸದಾಗಿ ಕಟ್ಟಿದ ವೇದಿಕೆಯೇ ಕೊಲಿಬ್ರಿ. ಇದರ ಮೂಲ ಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ಮುಕ್ತವಾಗಿದೆ, ಬಳಕೆಗೆ ಶುಲ್ಕವಿಲ್ಲ, ಜಾಹೀರಾತು ಇಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಕಂಪ್ಯೂಟರ್‌ಗಳಲ್ಲಿಯೂ ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿಯೂ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್‌ನಲ್ಲಿಯೂ ಇದು ನಡೆಯುತ್ತದೆ. ಹೊಸ ಯಂತ್ರ ಕೊಳ್ಳಲು ಆಗದ ಶಾಲೆಗೆ ಇದು ಸಣ್ಣ ಮಾತಲ್ಲ. ಮೂಲೆಗೆ ಸೇರಿದ್ದ ಹಳೆಯ ಲ್ಯಾಪ್‌ಟಾಪನ್ನು ಸರ್ವರ್, ಎಂದರೆ ಉಳಿದ ಸಾಧನಗಳಿಗೆ ಪಾಠ ಒದಗಿಸುವ ಯಂತ್ರ, ಮಾಡಿಕೊಂಡು ನಾನು ಇದನ್ನು ಬಳಸಿ ನೋಡಿದ್ದೇನೆ, ಒಂದು ಕೊಠಡಿಯ ಮಕ್ಕಳಿಗೆ ಅದು ಸಾಕಾಯಿತು.

ಕೆಲಸದ ಕ್ರಮ ಹೀಗಿದೆ. ಒಂದು ಕಂಪ್ಯೂಟರ್‌ನಲ್ಲಿ ಕೊಲಿಬ್ರಿಯನ್ನು ಹಾಕಿಕೊಂಡು, ಬೇಕಾದ ಪಾಠಗಳನ್ನು ಒಮ್ಮೆ ಇಳಿಸಿಕೊಳ್ಳಬೇಕು. ಪಾಠಗಳ ಸಂಗ್ರಹಗಳನ್ನು ಇಲ್ಲಿ ಚಾನೆಲ್ ಎನ್ನುತ್ತಾರೆ. ಖಾನ್ ಅಕಾಡೆಮಿಯ ಗಣಿತ ಮತ್ತು ವಿಜ್ಞಾನ, ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಎಂಬ, ಪರದೆಯ ಮೇಲೆಯೇ ಮಾಡಿ ನೋಡುವ ವಿಜ್ಞಾನ ಪ್ರಯೋಗಗಳು, ಸಿಕೆ-12 ಎಂಬ ಲಾಭರಹಿತ ಸಂಸ್ಥೆಯ ಪಠ್ಯಗಳು, ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಮತ್ತು ಆಫ್ರಿಕನ್ ಸ್ಟೋರಿಬುಕ್ ಯೋಜನೆಗಳ ಮಕ್ಕಳ ಕಥೆಗಳು, ಹೀಗೆ ಬೇರೆ ಬೇರೆ ಕಡೆಯ ಮುಕ್ತ ಪಾಠಸಾಮಗ್ರಿ ಒಂದೇ ಗ್ರಂಥಾಲಯದಲ್ಲಿ ಸಿಗುತ್ತದೆ. ಒಮ್ಮೆ ಇಳಿಸಿಕೊಂಡ ಮೇಲೆ ಇಂಟರ್‌ನೆಟ್‌ನ ಹಂಗಿಲ್ಲ. ಆ ಕಂಪ್ಯೂಟರ್ ಇರುವ ವೈಫೈ ಜಾಲಕ್ಕೆ ಸೇರಿದ ಯಾವ ಮೊಬೈಲಿನಿಂದಾದರೂ, ಬ್ರೌಸರ್ ತೆರೆದು, ಮಕ್ಕಳು ಪಾಠ ನೋಡಬಹುದು. ಮತ್ತೊಂದು ಶಾಲೆಗೆ ಅದೇ ಪಾಠಗಳು ಬೇಕಾದರೆ ಪೆನ್‌ಡ್ರೈವ್‌ನಲ್ಲಿ ತುಂಬಿಕೊಂಡು ಹೋದರಾಯಿತು, ಅಥವಾ ಎರಡು ಕಂಪ್ಯೂಟರ್‌ಗಳನ್ನು ಒಂದೇ ಜಾಲಕ್ಕೆ ಸೇರಿಸಿ ಒಂದರಿಂದ ಇನ್ನೊಂದಕ್ಕೆ ದಾಟಿಸಬಹುದು.

ಇಲ್ಲಿಯೇ ಮೊದಲ ಎಚ್ಚರಿಕೆ ಹೇಳಬೇಕು. ದೊಡ್ಡ ಚಾನೆಲ್ ಒಂದನ್ನು ಇಡಿಯಾಗಿ ಇಳಿಸಲು ಹತ್ತಾರು ಗಿಗಾಬೈಟ್ ಜಾಗವೂ ಗಟ್ಟಿಯಾದ ಇಂಟರ್‌ನೆಟ್ ಸಂಪರ್ಕವೂ ಬೇಕು. ಶಾಲೆ ಮುಚ್ಚಿದ ಮರುದಿನ ಇದನ್ನು ಆರಂಭಿಸಲು ಹೊರಟರೆ ವಾರಗಳೇ ಕಳೆದುಹೋಗುತ್ತವೆ. ಅದೃಷ್ಟವಶಾತ್ ಚಾನೆಲ್‌ನೊಳಗಿನ ಅಧ್ಯಾಯಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಅವಕಾಶವಿದೆ. ಏಳನೆಯ ತರಗತಿಯ ಭಿನ್ನರಾಶಿ ಮಾತ್ರ ಬೇಕೆಂದರೆ ಅಷ್ಟನ್ನೇ ತರಬಹುದು. ಆದರೂ ಇದು ಶಾಲೆ ತೆರೆದಿರುವಾಗ, ಬಿಡುವಿನಲ್ಲಿ, ಪಠ್ಯಕ್ರಮವನ್ನು ಪಕ್ಕದಲ್ಲಿಟ್ಟುಕೊಂಡು ಮಾಡಬೇಕಾದ ಕೆಲಸ. ಕೊಲಿಬ್ರಿಯ ಬಗ್ಗೆ ಕೇಳಿಬರುವ ನಿರಾಸೆಗಳ ಹಿಂದೆ ಹೆಚ್ಚಾಗಿ ಇದೇ ಅಡಗಿದೆ ಎಂದು ನನಗನಿಸುತ್ತದೆ. ತುರ್ತು ಪರಿಸ್ಥಿತಿಗಾಗಿ ಇರುವ ಸಾಧನವನ್ನು ತುರ್ತು ಪರಿಸ್ಥಿತಿ ಬಂದ ಮೇಲೆ ಕಲಿಯಲು ಕೂತರೆ ಶಿಕ್ಷಕರೂ ಮಕ್ಕಳೂ ಒಟ್ಟಿಗೆ ತಡವರಿಸುತ್ತಾರೆ.

ಮಗುವಿನ ಕಡೆಯಿಂದ ನೋಡಿದರೆ ಪರದೆ ಸರಳವಾಗಿದೆ. ಲಾಗಿನ್ ಆದ ಕೂಡಲೇ ತನ್ನ ತರಗತಿ, ಶಿಕ್ಷಕರು ಕೊಟ್ಟ ಪಾಠಗಳು, ಕಿರುಪರೀಕ್ಷೆಗಳು, ಅರ್ಧಕ್ಕೆ ನಿಲ್ಲಿಸಿದ ಕೆಲಸ ಎದುರಿಗೆ ಬರುತ್ತವೆ. ಪಾಸ್‌ವರ್ಡ್ ನೆನಪಿಡಲಾಗದ ಚಿಕ್ಕ ಮಕ್ಕಳಿಗಾಗಿ, ಪಾಸ್‌ವರ್ಡ್ ಇಲ್ಲದೆ ಹೆಸರಿನಿಂದಲೇ ಒಳಬರುವಂತೆ ನಿರ್ವಾಹಕರು ವ್ಯವಸ್ಥೆ ಮಾಡಬಹುದು. ಅಭ್ಯಾಸದ ಪ್ರಶ್ನೆಗಳಲ್ಲಿ ಗುರಿ ಸ್ಪಷ್ಟವಾಗಿರುತ್ತದೆ: ಕೊನೆಯ 5 ಪ್ರಶ್ನೆಗಳಲ್ಲಿ 3 ಸರಿಯಾಗಬೇಕು, ಅಥವಾ ಪಾಠ ಸಿದ್ಧಪಡಿಸಿದವರು ಇಟ್ಟ ಬೇರೊಂದು ಅಳತೆ. ಸುಳಿವು ಬೇಕೆಂದರೆ ಒಂದೊಂದೇ ಹೆಜ್ಜೆಯಾಗಿ ಸಿಗುತ್ತದೆ, ಆದರೆ ಸುಳಿವು ತೆಗೆದುಕೊಂಡ ಪ್ರಶ್ನೆ ಸರಿಯುತ್ತರದ ಲೆಕ್ಕಕ್ಕೆ ಸೇರುವುದಿಲ್ಲ. ಮೊದಲು ತಪ್ಪಿ ಆಮೇಲೆ ತಿದ್ದಿಕೊಂಡದ್ದೂ ಸೇರುವುದಿಲ್ಲ. ಈ ಕಟ್ಟುನಿಟ್ಟು ನನಗೆ ಮೆಚ್ಚುಗೆಯಾಯಿತು. ಗುಂಡಿ ಒತ್ತುತ್ತಾ ಹೋಗಿ ಮುಗಿಸಿದೆ ಎನ್ನುವ ಅಭ್ಯಾಸಕ್ಕೆ ಇಲ್ಲಿ ಎಡೆ ಕಡಿಮೆ.

ಆದರೆ ಈ ವೇದಿಕೆಯ ನಿಜವಾದ ಸತ್ವ ಇರುವುದು ಶಿಕ್ಷಕರ ಪರದೆಯಲ್ಲಿ. ಅದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಭಿನ್ನರಾಶಿಗಳ ಸಂಕಲನದ ಅಭ್ಯಾಸವನ್ನು ತರಗತಿಗೆ ಕೊಟ್ಟಿದ್ದೇವೆ ಎಂದುಕೊಳ್ಳಿ. ವರದಿಯಲ್ಲಿ ಯಾರು ಮುಗಿಸಿದ್ದಾರೆ, ಯಾರು ಆರಂಭಿಸಿದ್ದಾರೆ ಎಂಬುದರ ಜೊತೆಗೆ, ಪದೇ ಪದೇ ತಪ್ಪುತ್ತಿರುವ ಮಗುವಿನ ಹೆಸರಿನ ಪಕ್ಕದಲ್ಲಿ ನೆರವು ಬೇಕು ಎಂಬ ಗುರುತು ಬರುತ್ತದೆ. ಆ ಹೆಸರನ್ನು ಒತ್ತಿದರೆ ಮಗು ಬಿಡಿಸಿದ ಪ್ರಶ್ನೆಗಳು ಸಾಲಾಗಿ ಕಾಣುತ್ತವೆ: ಸರಿ ಇದ್ದದ್ದಕ್ಕೆ ಒಂದು ಚಿಹ್ನೆ, ತಪ್ಪಿಗೆ ಇನ್ನೊಂದು, ಸುಳಿವು ಪಡೆದದ್ದಕ್ಕೆ ಮತ್ತೊಂದು. ಒಂದು ಪ್ರಶ್ನೆಯನ್ನು ತೆರೆದರೆ ಮಗು ಏನು ಬರೆದಿತ್ತೋ ಅದೇ ಪರದೆಯ ಮೇಲೆ ಇರುತ್ತದೆ. 1/2 ಮತ್ತು 1/3 ಕೂಡಿಸಿದರೆ 2/5. ಮುಂದಿನದು, 1/4 ಮತ್ತು 1/2 ಕೂಡಿಸಿದರೆ 2/6. ಅದರ ಮುಂದಿನದು, 2/3 ಮತ್ತು 1/5 ಕೂಡಿಸಿದರೆ 3/8.

ಮೂರೂ ತಪ್ಪು ಎಂದಷ್ಟೇ ತಿಳಿದಿದ್ದರೆ ಶಿಕ್ಷಕರು ಏನು ಮಾಡಬಹುದಿತ್ತು? ಇನ್ನೊಂದು ವಿಡಿಯೊ ನೋಡು ಎನ್ನಬಹುದಿತ್ತು, ಅಷ್ಟೇ. ಉತ್ತರಗಳೇ ಕಣ್ಣೆದುರು ಇರುವಾಗ ಕಥೆ ಬೇರೆಯಾಗುತ್ತದೆ. ಮಗು ಲೆಕ್ಕ ತಪ್ಪುತ್ತಿಲ್ಲ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸುವ ತನ್ನದೇ ನಿಯಮವೊಂದನ್ನು ಶಿಸ್ತಿನಿಂದ ಪಾಲಿಸುತ್ತಿದೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದಾಗ ಬಂದ 2/5 ಅರ್ಧಕ್ಕಿಂತ ಕಡಿಮೆ ಆಯಿತಲ್ಲ, ಅದು ಹೇಗೆ ಎಂದು ಒಂದು ಮಾತು ಕೇಳಿ, ಒಂದೇ ಅಳತೆಯ ಎರಡು ಕಾಗದದ ಪಟ್ಟಿಗಳನ್ನು ಮಡಿಸಲು ಹೇಳಿದರೆ ಆ ಮಗು ತಾನಾಗಿಯೇ ತನ್ನ ನಿಯಮವನ್ನು ಅನುಮಾನಿಸಲು ತೊಡಗುತ್ತದೆ. ಇಂಥ ಮಾತು ತರಗತಿಯಲ್ಲಿ ದಿನಕ್ಕೆ ಹತ್ತಾರು ಸಲ ನಡೆಯುತ್ತದೆ, ಯಾಕೆಂದರೆ ಶಿಕ್ಷಕರು ಮಕ್ಕಳ ಸ್ಲೇಟನ್ನೋ ಪುಸ್ತಕವನ್ನೋ ಇಣುಕಿ ನೋಡುತ್ತಿರುತ್ತಾರೆ. ಶಾಲೆ ಮುಚ್ಚಿದಾಗ ಮೊದಲು ಕಳೆದುಹೋಗುವುದು ಈ ಇಣುಕುನೋಟವೇ. ಪಾಠ ಹೇಳುವುದಕ್ಕೆ ರೇಡಿಯೊ ಇದೆ, ಟಿವಿ ಇದೆ, ವಿಡಿಯೊ ಇದೆ. ಮಗುವಿನ ತಪ್ಪನ್ನು ನೋಡುವುದಕ್ಕೆ ಇರುವ ಸಾಧನಗಳು ಬಹಳ ಕಡಿಮೆ. ಕೊಲಿಬ್ರಿಯನ್ನು ನಾನು ಗಂಭೀರವಾಗಿ ಪರಿಗಣಿಸಲು ಮುಖ್ಯ ಕಾರಣ ಇದು.

ತರಗತಿಯ ಬಹುತೇಕ ಮಕ್ಕಳು ಎಡವಿದ ಪ್ರಶ್ನೆಗಳನ್ನು ಪ್ರತ್ಯೇಕವಾಗಿ ತೋರಿಸುವ ಪಟ್ಟಿಯೂ ಇದೆ. ಇದನ್ನು ನೋಡಿ, ಒಂದೇ ಬಗೆಯಲ್ಲಿ ತಪ್ಪುತ್ತಿರುವ ಮಕ್ಕಳನ್ನು ಒಂದು ಗುಂಪು ಮಾಡಿ, ಆ ಗುಂಪಿಗೆ ಮಾತ್ರ ಹಿಂದಿನ ಹಂತದ ಪಾಠವನ್ನು ಕೊಡಬಹುದು. ಮುಚ್ಚುಗಡೆ ಮುಗಿದು ಶಾಲೆ ತೆರೆದಾಗ ಇದರ ಉಪಯೋಗ ಇನ್ನೂ ಹೆಚ್ಚು, ಏಕೆಂದರೆ ತಿಂಗಳುಗಟ್ಟಲೆ ಮನೆಯಲ್ಲಿದ್ದು ಬಂದ ಮಕ್ಕಳು ಒಂದೇ ಹಂತದಲ್ಲಿ ಇರುವುದಿಲ್ಲ. ಎಲ್ಲರಿಗೂ ಒಂದೇ ಅಧ್ಯಾಯದಿಂದ ಪಾಠ ಆರಂಭಿಸಿದರೆ ಹಿಂದುಳಿದವರು ಹಿಂದೆಯೇ ಉಳಿಯುತ್ತಾರೆ. ಕಿರುಪರೀಕ್ಷೆಗಳಲ್ಲಿ ಸುಳಿವು ಇರುವುದಿಲ್ಲ, ಶಿಕ್ಷಕರು ತೆರೆದಾಗ ತೆರೆಯುತ್ತವೆ, ಮುಗಿಸಿದಾಗ ಮುಗಿಯುತ್ತವೆ. ಇದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ; ನಿರೀಕ್ಷಿಸಿದಂತೆ ಕೆಲಸ ಮಾಡುತ್ತವೆ.

ಹಾಗಾದರೆ ಶಾಲೆಯ ಕಂಪ್ಯೂಟರ್‌ನಲ್ಲಿರುವ ಪಾಠ ಮಗುವಿನ ಮನೆ ಸೇರುವುದು ಹೇಗೆ? ಮುಚ್ಚುಗಡೆಯ ಸಂದರ್ಭದಲ್ಲಿ ಇದೇ ನಿರ್ಣಾಯಕ ಪ್ರಶ್ನೆ. ಈಚಿನ ಆವೃತ್ತಿಗಳಲ್ಲಿ ಮಗುವಿನ ಮೊಬೈಲ್ ಅಥವಾ ಟ್ಯಾಬನ್ನು ಕಲಿಕೆಗೆ ಮಾತ್ರ ಮೀಸಲಾದ ಸಾಧನವನ್ನಾಗಿ ಸಜ್ಜುಗೊಳಿಸಬಹುದು. ಅದು ಶಾಲೆಯ ಜಾಲದ ವ್ಯಾಪ್ತಿಗೆ ಬಂದಾಗ, ಶಿಕ್ಷಕರು ಆ ಮಗುವಿಗೆ ಕೊಟ್ಟ ಪಾಠಗಳೂ ಕಿರುಪರೀಕ್ಷೆಗಳೂ ತಾವಾಗಿಯೇ ಅದರೊಳಗೆ ಇಳಿಯುತ್ತವೆ. ಮಗು ಅದನ್ನು ಮನೆಗೆ ಒಯ್ದು, ಯಾವ ಸಂಪರ್ಕವೂ ಇಲ್ಲದೆ ಕಲಿತು, ಮತ್ತೆ ಆ ಜಾಲದ ಬಳಿ ಬಂದಾಗ ಉತ್ತರಗಳೆಲ್ಲವೂ ತಾವಾಗಿಯೇ ಶಿಕ್ಷಕರ ಕಂಪ್ಯೂಟರ್‌ಗೆ ರವಾನೆಯಾಗುತ್ತವೆ. ಮಕ್ಕಳು ಗುಂಪುಗೂಡಬಾರದ, ಆದರೆ ಒಬ್ಬೊಬ್ಬರಾಗಿ ಬಂದು ಹೋಗಬಹುದಾದ ಮುಚ್ಚುಗಡೆಗಳಿಗೆ ಇದು ಹೇಳಿಮಾಡಿಸಿದಂತಿದೆ. ವಾರಕ್ಕೊಮ್ಮೆ ಪೋಷಕರೊಬ್ಬರು ಮೊಬೈಲ್ ಹಿಡಿದು ಶಾಲೆಯ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತರೂ ಸಾಕು: ಹೋದ ವಾರದ ಉತ್ತರಗಳು ಒಳಗೆ, ಮುಂದಿನ ವಾರದ ಪಾಠಗಳು ಹೊರಗೆ. ಶಿಕ್ಷಕರೇ ಸರ್ವರ್ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಮಕ್ಕಳಿರುವ ಬೀದಿಗೆ ಹೋಗುವುದೂ ಸಾಧ್ಯ, ಯಂತ್ರ ಅಷ್ಟು ಚಿಕ್ಕದು.

ಎಲ್ಲರೂ ಮನೆಯೊಳಗೇ ಇರಬೇಕಾದ ಕಟ್ಟುನಿಟ್ಟಿನ ಲಾಕ್‌ಡೌನ್‌ನಲ್ಲಿ ಮಾತ್ರ ಈ ಕೊಂಡಿ ಕಡಿದುಹೋಗುತ್ತದೆ. ಆಗ ಮಗು ತನ್ನ ಸಾಧನದಲ್ಲಿ ಇರುವುದನ್ನು ಕಲಿಯುತ್ತಿರಬಹುದು, ಸರಿತಪ್ಪು ಕೂಡಲೇ ತಿಳಿಯುತ್ತದೆ, ಆದರೆ ಶಿಕ್ಷಕರಿಗೆ ಏನೂ ಕಾಣುವುದಿಲ್ಲ. ಸರ್ವರ್ ಅನ್ನು ಇಂಟರ್‌ನೆಟ್‌ನಲ್ಲಿ ಇರಿಸಿ ನಡೆಸುವ ದಾರಿಯೂ ಇದೆ. ಆಗ ಮೊದಲ ಪ್ರಶ್ನೆಗೆ ಮರಳಿದಂತಾಗುತ್ತದೆ, ಮನೆಯಲ್ಲಿ ಸಂಪರ್ಕ ಇಲ್ಲದ ಮಗು ಮತ್ತೆ ಹೊರಗೆ. ಆದ್ದರಿಂದ ಮುಚ್ಚುಗಡೆ ಘೋಷಣೆಯಾದ ದಿನವೇ ಮಕ್ಕಳ ಸಾಧನಗಳಿಗೆ ಕನಿಷ್ಠ ಒಂದು ತಿಂಗಳ ಪಾಠವನ್ನು ತುಂಬಿ ಕಳಿಸಲು ತಯಾರಿ ಇರಬೇಕು.

ಕೊರತೆಗಳನ್ನು ಮರೆಮಾಚುವಂತಿಲ್ಲ. ಮಗು ಬರೆದ ಪ್ರಬಂಧವನ್ನೋ, ನೋಟ್‌ಬುಕ್ಕಿನಲ್ಲಿ ಹಂತಹಂತವಾಗಿ ಬಿಡಿಸಿದ ಲೆಕ್ಕವನ್ನೋ ಇದರ ಮೂಲಕ ಶಿಕ್ಷಕರಿಗೆ ಕಳಿಸಲಾಗದು. ಉತ್ತರ ಆರಿಸುವ ಅಥವಾ ಸಂಖ್ಯೆ ತುಂಬುವ ಬಗೆಯ ಪ್ರಶ್ನೆಗಳೇ ಇಲ್ಲಿ ಹೆಚ್ಚು. ಭಾಷೆ ಮತ್ತು ಸಮಾಜ ವಿಜ್ಞಾನ ಕಲಿಸುವವರಿಗೆ ಇದು ಗಣಿತ ಶಿಕ್ಷಕರಿಗೆ ಒದಗಿದಷ್ಟು ಒದಗುವುದಿಲ್ಲ. ಶಿಕ್ಷಕರು ಮಗುವಿಗೆ ಎರಡು ಸಾಲಿನ ಮಾತು ಬರೆಯಲು ಇಲ್ಲಿ ಜಾಗವಿಲ್ಲ, ಮಗು ಅನುಮಾನ ಕೇಳುವುದಕ್ಕೂ ಇಲ್ಲ. ಸ್ವಂತ ಪಾಠ ಮತ್ತು ಪ್ರಶ್ನೆಗಳನ್ನು ಸೇರಿಸಲು ಕೊಲಿಬ್ರಿ ಸ್ಟುಡಿಯೊ ಎಂಬ ಬೇರೆ ತಾಣವನ್ನು ಬಳಸಬೇಕು, ಅದಕ್ಕೆ ಇಂಟರ್‌ನೆಟ್ ಬೇಕು. ವಿಡಿಯೊ, ಧ್ವನಿಮುದ್ರಿಕೆ, ಪಿಡಿಎಫ್ ಎಲ್ಲವನ್ನೂ ಅದು ಸ್ವೀಕರಿಸುತ್ತದೆ, ಬಳಸಲು ಕಷ್ಟವೂ ಅಲ್ಲ. ಆದರೆ ಸಂಪರ್ಕ ದುರ್ಬಲವಾಗಿರುವ ಶಾಲೆಯ ಶಿಕ್ಷಕರು ಇದಕ್ಕಾಗಿ ಬೇರೆಡೆ ಹೋಗಿ ಬರಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡುವುದು ಭಾಷೆಯ ಮತ್ತು ಪಠ್ಯಕ್ರಮದ ಹೊಂದಾಣಿಕೆ. ಗ್ರಂಥಾಲಯ ದೊಡ್ಡದು, ನಿಜ. ಆದರೆ ಕೆಲವೇ ದೊಡ್ಡ ಭಾಷೆಗಳಲ್ಲಿ ಪಾಠಗಳು ತುಂಬಿ ತುಳುಕುತ್ತಿದ್ದರೆ, ಉಳಿದ ಭಾಷೆಗಳಲ್ಲಿ ಅಲ್ಲೊಂದು ಇಲ್ಲೊಂದು ಎಂಬಂತಿವೆ. ಮಗು ಮನೆಯಲ್ಲಿ ಒಂಟಿಯಾಗಿ ಕಲಿಯುವಾಗ ಅರ್ಥವಾಗದ ಮಾತನ್ನು ಬಿಡಿಸಿ ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ತರಗತಿಯಲ್ಲಿ ಹೇಗೋ ಸಾಗುತ್ತಿದ್ದ ಪರಭಾಷೆಯ ಪಾಠ ಮನೆಯಲ್ಲಿ ಸಾಗುವುದಿಲ್ಲ. ಆದುದರಿಂದ ತಮ್ಮ ಭಾಷೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಚಾನೆಲ್ ಚಾನೆಲ್ ತೆರೆದು ನೋಡಿದ ಮೇಲೆಯೇ ಶಾಲೆಗಳು ಇದನ್ನು ಒಪ್ಪಿಕೊಳ್ಳಬೇಕು. ಇಲ್ಲದ ಕಡೆ ಶಿಕ್ಷಕರೇ ತಮ್ಮ ದನಿಯಲ್ಲಿ ಐದಾರು ನಿಮಿಷದ ವಿವರಣೆಯನ್ನು ಧ್ವನಿಮುದ್ರಿಸಿ ಸೇರಿಸಬೇಕು. ಮಕ್ಕಳಿಗೆ ಗುರುತಿರುವ ದನಿಗೆ ಇರುವ ಬಲ ಯಾವ ದೊಡ್ಡ ಸಂಸ್ಥೆಯ ವಿಡಿಯೊಗೂ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಇನ್ನು, ನೇರ ವಿಡಿಯೊ ತರಗತಿಗಳೊಂದಿಗೆ ಹೋಲಿಸದೆ ಈ ವಿಮರ್ಶೆ ಪೂರ್ತಿಯಾಗದು, ಏಕೆಂದರೆ 2020ರಲ್ಲಿ ಸಂಪರ್ಕವಿದ್ದ ಶಾಲೆಗಳಲ್ಲಿ ಹೆಚ್ಚಿನವು ಆರಿಸಿಕೊಂಡದ್ದು ಅವುಗಳನ್ನೇ. ಜೂಮ್ ಅಥವಾ ಗೂಗಲ್ ಮೀಟ್‌ನಲ್ಲಿ ಗುಂಪು ತರಗತಿ ಒಂದು ಗಂಟೆ ನಡೆದರೆ ಒಂದು ಗಿಗಾಬೈಟ್‌ನ ಆಸುಪಾಸಿನಲ್ಲಿ ಡೇಟಾ ಖರ್ಚಾಗುತ್ತದೆ. ಇಬ್ಬರು ಮೂವರು ಮಕ್ಕಳು ಒಂದೇ ಮೊಬೈಲ್ ಹಂಚಿಕೊಳ್ಳುವ ಮನೆಯಲ್ಲಿ ಎಲ್ಲರ ತರಗತಿಯೂ ಒಂದೇ ಸಮಯಕ್ಕೆ ಬರುತ್ತದೆ. ತಪ್ಪಿಸಿಕೊಂಡರೆ ಪಾಠ ಹೋಯಿತು. ಕೊಲಿಬ್ರಿಯಲ್ಲಿ ಒಂದೇ ಟ್ಯಾಬಿನಲ್ಲಿ ಬೇರೆ ಬೇರೆ ಮಕ್ಕಳು ತಮ್ಮ ತಮ್ಮ ಹೆಸರಿನಲ್ಲಿ, ತಮ್ಮ ಸರದಿ ಬಂದ ಹೊತ್ತಿನಲ್ಲಿ ಕಲಿಯಬಹುದು. ಆದರೂ ನೇರ ತರಗತಿಯ ಬಗ್ಗೆ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು: ಗೆಳೆಯರ ಮುಖ ನೋಡುವ, ಶಿಕ್ಷಕರು ತನ್ನ ಹೆಸರು ಕರೆಯುವುದನ್ನು ಕೇಳುವ ಸಮಾಧಾನವನ್ನು ಅದು ಕೊಡುತ್ತದೆ. ವಾರಕ್ಕೊಂದು ಚಿಕ್ಕ ನೇರ ಭೇಟಿ ಸಾಧ್ಯವಿರುವಲ್ಲಿ ಅದನ್ನು ಬಿಡಬಾರದು. ದಿನವಿಡೀ ಪರದೆಯ ಮುಂದೆ ಕೂರಿಸಿ ಶಾಲೆಯ ವೇಳಾಪಟ್ಟಿಯನ್ನೇ ಮನೆಗೆ ತಂದು ಹೇರುವುದನ್ನು ಮಾತ್ರ ಬಿಡಬೇಕು.

ಒಳ್ಳೆಯ ಸಂಪರ್ಕವೊಂದೇ ಸಾಲದು ಎಂಬುದಕ್ಕೆ ನೆದರ್‌ಲ್ಯಾಂಡ್ಸ್‌ನ ಅನುಭವ ಸಾಕ್ಷಿ. ಮನೆ ಮನೆಯಲ್ಲೂ ಉತ್ತಮ ಬ್ರಾಡ್‌ಬ್ಯಾಂಡ್ ಇರುವ ಆ ದೇಶದಲ್ಲಿ 2020ರಲ್ಲಿ ಶಾಲೆಗಳು 8 ವಾರ ಮಾತ್ರ ಮುಚ್ಚಿದ್ದವು. ಆದರೂ ಪ್ರಾಥಮಿಕ ಶಾಲೆಯ ಮಕ್ಕಳು ಸರಾಸರಿ ಒಂದು ಶಾಲಾ ವರ್ಷದ ಐದನೇ ಒಂದು ಭಾಗದಷ್ಟು ಕಲಿಕೆ ಕಳೆದುಕೊಂಡರೆಂದು, ಎಂದರೆ ಮುಚ್ಚಿದ್ದ ಅವಧಿಯಲ್ಲಿ ಹೆಚ್ಚುಕಡಿಮೆ ಏನೂ ಮುಂದೆ ಹೋಗಲಿಲ್ಲವೆಂದು, 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೆಚ್ಚು ಓದಿರದ ಪೋಷಕರ ಮನೆಗಳಲ್ಲಿ ಈ ನಷ್ಟ ಶೇ. 60ರವರೆಗೆ ಹೆಚ್ಚಿತ್ತು. ಪಾಠ ಮನೆ ತಲುಪುವುದು ಒಂದು, ಮಗು ಅದನ್ನು ಕಲಿಯುವಂತೆ ಯಾರಾದರೂ ಬೆನ್ನ ಹಿಂದೆ ನಿಲ್ಲುವುದು ಇನ್ನೊಂದು. ಓದು ಬಲ್ಲ ಅಪ್ಪ ಅಮ್ಮ ಇರುವ ಮನೆಯಲ್ಲಿ ಈ ಕೆಲಸ ಅವರಿಂದ ನಡೆಯಿತು, ಇಲ್ಲದ ಮನೆಯಲ್ಲಿ ಯಾರೂ ಮಾಡಲಿಲ್ಲ.

ಆ ಜಾಗವನ್ನು ತುಂಬಲು ದುಬಾರಿ ತಂತ್ರಜ್ಞಾನ ಬೇಕಿಲ್ಲ ಎಂಬುದು ಬೋಟ್ಸ್ವಾನಾದಿಂದ ತಿಳಿಯಿತು. ಅಲ್ಲಿ 2020ರಲ್ಲಿ ಸುಮಾರು 4,500 ಕುಟುಂಬಗಳೊಂದಿಗೆ ನಡೆಸಿದ ಪ್ರಯೋಗದಲ್ಲಿ ಒಂದಷ್ಟು ಮನೆಗಳಿಗೆ ವಾರಕ್ಕೊಮ್ಮೆ ಗಣಿತದ ಪ್ರಶ್ನೆಗಳನ್ನು ಎಸ್‌ಎಂಎಸ್ ಮೂಲಕ ಮಾತ್ರ ಕಳಿಸಿದರು. ಇನ್ನೊಂದಷ್ಟು ಮನೆಗಳಿಗೆ ಎಸ್‌ಎಂಎಸ್ ಜೊತೆಗೆ 15ರಿಂದ 20 ನಿಮಿಷದ ಫೋನ್ ಕರೆಯನ್ನೂ ಮಾಡಿದರು. ಸಂದೇಶ ಮಾತ್ರ ಹೋದಲ್ಲಿ ಗಣನೀಯ ಪರಿಣಾಮ ಕಾಣಲಿಲ್ಲ, ಕರೆಯೂ ಹೋದಲ್ಲಿ ಮಕ್ಕಳ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತು. ಇದಕ್ಕೆ ಬೇಕಾದದ್ದು ಸಾಮಾನ್ಯ ಕೀಪ್ಯಾಡ್ ಫೋನ್ ಮಾತ್ರ. ಇದೇ ಕ್ರಮವನ್ನು ಆಮೇಲೆ ಭಾರತ, ಕೀನ್ಯಾ, ನೇಪಾಳ, ಫಿಲಿಪೀನ್ಸ್, ಉಗಾಂಡಾಗಳಲ್ಲಿಯೂ ಪರೀಕ್ಷಿಸಲಾಯಿತು. ಕೊಲಿಬ್ರಿಯ ದೊಡ್ಡ ಕೊರತೆಯಾದ ಮಾತಿಲ್ಲದಿರುವಿಕೆಗೆ ಇದೇ ಮದ್ದು ಎಂದು ನಾನು ತಿಳಿಯುತ್ತೇನೆ. ವರದಿಯನ್ನು ತೆರೆದಿಟ್ಟುಕೊಂಡು ಕರೆ ಮಾಡಿದ ಶಿಕ್ಷಕರಿಗೆ ಯಾವ ಮಗುವಿನೊಂದಿಗೆ ಏನು ಮಾತಾಡಬೇಕೆಂದು ಮೊದಲೇ ಗೊತ್ತಿರುತ್ತದೆ. 15 ನಿಮಿಷದಲ್ಲಿ ಒಂದು ನಿಮಿಷವೂ ವ್ಯರ್ಥವಾಗುವುದಿಲ್ಲ.

ರೇಡಿಯೊವನ್ನು ಹಳೆಯದೆಂದು ತಳ್ಳಿಹಾಕುವವರಿಗೂ ಒಂದು ಮಾತು. ಪೋಲಿಯೊ ಹರಡಿ 1937ರಲ್ಲಿ ಶಿಕಾಗೊ ನಗರದ ಶಾಲೆಗಳು ತೆರೆಯುವುದು ತಡವಾದಾಗ, ಮೂರರಿಂದ ಎಂಟನೆಯ ತರಗತಿಯವರೆಗಿನ ಸುಮಾರು 3 ಲಕ್ಷ ಮಕ್ಕಳಿಗೆ ರೇಡಿಯೊದಲ್ಲಿ ಪಾಠ ಮಾಡಿದರು. ವೇಳಾಪಟ್ಟಿಯನ್ನೂ ಪ್ರಶ್ನೆಗಳನ್ನೂ ಪತ್ರಿಕೆಗಳು ಅಚ್ಚುಹಾಕಿದವು, ಪೋಷಕರ ಅನುಮಾನಗಳಿಗೆ ಉತ್ತರಿಸಲು ಶಿಕ್ಷಕರನ್ನು ದೂರವಾಣಿಯ ಬಳಿ ಕೂರಿಸಿದರು. ಎಬೋಲಾದಿಂದ 2014ರಲ್ಲಿ ಶಾಲೆಗಳು ಮುಚ್ಚಿ 2015ರ ಏಪ್ರಿಲ್‌ನಲ್ಲಿ ಮತ್ತೆ ತೆರೆಯುವವರೆಗೆ ಸಿಯೆರಾ ಲಿಯೋನ್ ಕೂಡ ರೇಡಿಯೊವನ್ನೇ ಆಶ್ರಯಿಸಿತು. ಟ್ಯಾಬ್ ಆಗಲಿ ಸ್ಮಾರ್ಟ್‌ಫೋನ್ ಆಗಲಿ ಇಲ್ಲದ ಮನೆಗೆ ಕೊಲಿಬ್ರಿಯೂ ತಲುಪುವುದಿಲ್ಲ ಎಂಬ ಸತ್ಯದ ಮುಂದೆ ರೇಡಿಯೊ, ಮುದ್ರಿತ ಅಭ್ಯಾಸ ಹಾಳೆ ಮತ್ತು ಫೋನ್ ಕರೆ ಇಂದಿಗೂ ಬೇಕಾದವು. ಶಾಲೆಯ ಬಳಿ ಕೆಲವೇ ಟ್ಯಾಬ್‌ಗಳಿದ್ದರೆ ಅವು ಮೊದಲು ಏನೂ ಇಲ್ಲದ ಮನೆಗಳಿಗೆ ಹೋಗಬೇಕು. ಚೆನ್ನಾಗಿ ಓದುವವರಿಗೆ ಬಹುಮಾನವಾಗಿ ಕೊಡುವ ವಸ್ತುಗಳಲ್ಲ ಅವು.

ಖಾಸಗಿತನದ ವಿಷಯದಲ್ಲಿ ಕೊಲಿಬ್ರಿಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ. ಕೋವಿಡ್ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ 160ಕ್ಕೂ ಹೆಚ್ಚು ಕಲಿಕಾ ಉತ್ಪನ್ನಗಳನ್ನು ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ ಪರಿಶೀಲಿಸಿ, ಅವುಗಳಲ್ಲಿ ಶೇ. 89ರಷ್ಟು ಮಕ್ಕಳ ಮಾಹಿತಿಯನ್ನು ಅವರ ಹಕ್ಕುಗಳಿಗೆ ಧಕ್ಕೆಯಾಗುವಂತೆ ಅಥವಾ ಧಕ್ಕೆಯಾಗಬಹುದಾದಂತೆ ಬಳಸುತ್ತಿದ್ದವೆಂದು 2022ರಲ್ಲಿ ವರದಿ ಮಾಡಿತು. ಪಾಠ ಕಲಿಯಲು ಬಂದ ಮಗುವನ್ನು ಜಾಹೀರಾತಿನ ಸರಕಾಗಿಸುವುದು ಅಕ್ಷಮ್ಯ. ಕೊಲಿಬ್ರಿಯಲ್ಲಿ ಮಕ್ಕಳ ಹೆಸರು, ಅಂಕ, ಉತ್ತರಗಳು ಶಾಲೆಯ ಯಂತ್ರದಲ್ಲಿಯೇ ಉಳಿಯುತ್ತವೆ. ಕೇಂದ್ರೀಕೃತ ಪೋರ್ಟಲ್‌ಗೆ ಕಳಿಸುವ ಏರ್ಪಾಡು ಇದೆಯಾದರೂ ಅದು ನಿರ್ವಾಹಕರು ತಾವಾಗಿ ಆರಿಸಿಕೊಂಡಾಗ ಮಾತ್ರ ನಡೆಯುತ್ತದೆ. ಇದರ ಇನ್ನೊಂದು ಮುಖವೂ ಇದೆ: ಮಾಹಿತಿ ಒಂದೇ ಯಂತ್ರದಲ್ಲಿರುವುದರಿಂದ ಅದು ಕೆಟ್ಟರೆ ಎಲ್ಲವೂ ಹೋದಂತೆ. ಬೇರೊಂದು ಡಿಸ್ಕಿನಲ್ಲಿ ಪ್ರತಿ ಇಟ್ಟುಕೊಳ್ಳುವ ಜವಾಬ್ದಾರಿಯನ್ನು ಒಬ್ಬರ ಹೆಸರಿಗೆ ಬರೆದುಕೊಡಬೇಕು.

ಯಾರು ಇದನ್ನು ತೆಗೆದುಕೊಳ್ಳಬೇಕು? ಮಕ್ಕಳಲ್ಲಿ ಅನೇಕರ ಮನೆಯಲ್ಲಿ ಇಂಟರ್‌ನೆಟ್ ಇಲ್ಲದ, ಆದರೆ ಒಂದಾದರೂ ಸ್ಮಾರ್ಟ್‌ಫೋನ್ ಇರುವ ಶಾಲೆಗಳಿಗೆ ನಾನು ಇದನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ, ಗಣಿತ ಮತ್ತು ವಿಜ್ಞಾನಕ್ಕಂತೂ ಖಂಡಿತವಾಗಿ. ಎಲ್ಲ ಮನೆಗಳಲ್ಲೂ ಒಳ್ಳೆಯ ಸಂಪರ್ಕ ಇರುವ ಶಾಲೆಗೆ ಗೂಗಲ್ ಕ್ಲಾಸ್‌ರೂಮ್‌ನಂತಹ ವ್ಯವಸ್ಥೆ ಹೆಚ್ಚು ಹೊಂದುತ್ತದೆ, ಏಕೆಂದರೆ ಅಲ್ಲಿ ಬರವಣಿಗೆಯನ್ನು ಕಳಿಸಬಹುದು, ಶಿಕ್ಷಕರು ಅಂಚಿನಲ್ಲಿ ತಿದ್ದಿ ಬರೆಯಬಹುದು. ಒಂದನೆಯ ಎರಡನೆಯ ತರಗತಿಯ ಮಕ್ಕಳಿಗೆ ಕಥೆಗಳನ್ನು ಬಿಟ್ಟರೆ ಕೊಲಿಬ್ರಿಯಿಂದ ಹೆಚ್ಚು ನಿರೀಕ್ಷಿಸಬಾರದು. ಆ ವಯಸ್ಸಿಗೆ ಮನುಷ್ಯರ ದನಿ ಮತ್ತು ಕೈಗೆ ಸಿಗುವ ವಸ್ತುಗಳೇ ಬೇಕು.

ಆರಂಭಿಸುವವರು ಒಂದು ತರಗತಿ, ಒಂದು ವಿಷಯ, ಒಂದು ಅಧ್ಯಾಯ ಎಂದು ಚಿಕ್ಕದಾಗಿ ಆರಂಭಿಸಲಿ. ಶಾಲೆ ನಡೆಯುತ್ತಿರುವಾಗಲೇ ವಾರದಲ್ಲಿ ಒಂದು ಅವಧಿಯನ್ನು ಇದಕ್ಕೆ ಇಟ್ಟು, ಮಕ್ಕಳು ತಮ್ಮ ಲಾಗಿನ್ ಮತ್ತು ಅಭ್ಯಾಸಗಳಿಗೆ ಒಗ್ಗಿಕೊಳ್ಳಲಿ. ಆಮೇಲೆ ಒಂದು ದಿನ ಶಾಲೆಯ ಇಂಟರ್‌ನೆಟ್ ಅನ್ನು ಬೇಕೆಂದೇ ಬಂದ್ ಮಾಡಿ, ಪಾಠ ತೆರೆದುಕೊಳ್ಳುತ್ತದೆಯೇ, ಮಗುವಿನ ಮೊಬೈಲಿಗೆ ಇಳಿಯುತ್ತದೆಯೇ, ಮರುದಿನ ಉತ್ತರಗಳು ಶಿಕ್ಷಕರ ಪರದೆಗೆ ಬರುತ್ತವೆಯೇ ಎಂದು ನೋಡಲಿ. ಪ್ರತಿ ಮಗುವಿನ ಮನೆಯಲ್ಲಿ ಯಾವ ಸಾಧನವಿದೆ, ಅದು ಯಾವ ಹೊತ್ತಿನಲ್ಲಿ ಮಗುವಿನ ಕೈಗೆ ಸಿಗುತ್ತದೆ, ಕರೆ ಮಾಡಿದರೆ ಯಾರು ಎತ್ತುತ್ತಾರೆ ಎಂಬ ವಿವರ ಒಂದು ರಿಜಿಸ್ಟರಿನಲ್ಲಿ ಇರಲಿ, ಮತ್ತು ಆ ರಿಜಿಸ್ಟರಿನ ಒಂದು ಪ್ರತಿ ಮುಖ್ಯ ಶಿಕ್ಷಕರ ಮನೆಯಲ್ಲಿ ಇರಲಿ. ಶಾಲೆಗೆ ಬೀಗ ಬಿದ್ದ ಮೇಲೆ ಕಚೇರಿಯ ಕಪಾಟಿನಲ್ಲಿರುವ ರಿಜಿಸ್ಟರ್ ಯಾರ ಕೈಗೂ ಸಿಗುವುದಿಲ್ಲ.